ಹಳೆಯ ಚಿತ್ರಕಥೆಗೆ ಹೊಸ ಬೆಲೆ

ದೀಪಾವಳಿಯ ಸುಣ್ಣಬಣ್ಣದ ಕಾಲಕ್ಕೆ ಅಟ್ಟದಿಂದ ಕೆಳಗಿಳಿಯುವ ಸಾಮಾನುಗಳಲ್ಲಿ ಯಾವ ವಿಚಾರಣೆಯೂ ಇಲ್ಲದೆ ಶಿಕ್ಷೆಗೆ ಗುರಿಯಾಗುವುದು ಹಳೆಯ ಕಾಗದ. ಒಡೆದ ತಾಮ್ರದ ಹಂಡೆಗೆ ತೂಕದ ಬೆಲೆ ಉಂಟು. ಹರಿದ ಸೀರೆ ಕೌದಿಯಾಗಿ ಮತ್ತೆ ಹತ್ತು ವರ್ಷ ಬಾಳುತ್ತದೆ. ಕಾಗದಕ್ಕಿರುವ ಪುನರ್ಜನ್ಮ ಒಂದೇ: ಚುರಮುರಿಯ ಪೊಟ್ಟಣ. ಅದರಲ್ಲಿಯೂ ಮಕ್ಕಳ ಚಿತ್ರಕಥೆಯ ಪುಸ್ತಕವೆಂದರೆ ಕೇಳುವವರೇ ಇಲ್ಲ. ಪಂಚಾಂಗವನ್ನು ತೆಗೆದಿಡುತ್ತಾರೆ, ಹೊಲದ ಉತಾರವನ್ನು ಬಟ್ಟೆಯಲ್ಲಿ ಸುತ್ತಿಡುತ್ತಾರೆ, ಮದುವೆಯ ಲಗ್ನಪತ್ರಿಕೆಯನ್ನೂ ಪೆಟ್ಟಿಗೆಯ ತಳದಲ್ಲಿ ಜೋಪಾನವಾಗಿಡುತ್ತಾರೆ. ಮಗ ಎಂಟು ವರ್ಷದವನಿದ್ದಾಗ ಊಟ ಮರೆತು ಓದಿದ ಪುಸ್ತಕ ಮಾತ್ರ, ಅವನಿಗೆ ಮೀಸೆ ಮೂಡಿದೊಡನೆ ಅನಾಥವಾಗುತ್ತದೆ.

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಓಣಿಗಳಲ್ಲಿ ತಳ್ಳುಗಾಡಿಯ ವ್ಯಾಪಾರಿಯ ಕೂಗು ಇಂದಿಗೂ ಕೇಳಿಬರುತ್ತದೆ. ‘ಅಕ್ಕಾರ, ರದ್ದಿ ಐತೇನ್ರಿ?’ ಎಂದು ಆತ ಕೇಳುತ್ತಾನೆ. ‘ನಿಲ್ಲಪಾ, ಹುಡುಗರ ಚಿತ್ರದ ಪುಸ್ತಕ ಒಂದ್ ಟ್ರಂಕ್ ತುಂಬ ಬಿದ್ದಾವ. ಯಾರೂ ಓದಾಂಗಿಲ್ಲ, ಒಯ್ದ್ಬಿಡು’ ಎಂಬ ಉತ್ತರ ಬರುತ್ತದೆ. ಮೂವತ್ತೆರಡು ಪುಟದ ಪುಸ್ತಕಗಳು ಒಂದು ಕಿಲೋಗೆ ಹತ್ತು ಹದಿನೈದಾದರೂ ತೂಗುತ್ತವೆ. ಒಂದೊಂದಕ್ಕೆ ಒಂದು ರೂಪಾಯಿ ಗಿಟ್ಟಿದರೆ ಅದೇ ಹೆಚ್ಚು. ತಕ್ಕಡಿ ಮೇಲಕ್ಕೂ ಕೆಳಕ್ಕೂ ಆಡುತ್ತದೆ, ಟ್ರಂಕು ಬರಿದಾಗುತ್ತದೆ. ಆ ವ್ಯವಹಾರದಲ್ಲಿ ಮೋಸವೇನೂ ಇಲ್ಲ. ಕೊಟ್ಟವರಿಗೂ ಕೊಂಡವರಿಗೂ ತಿಳಿಯದೆ ಹೋದದ್ದು ಒಂದೇ: ಆ ರಾಶಿಯಲ್ಲಿ ಏನಿತ್ತು ಎಂಬುದು.

ಏನಿರಬಹುದಾಗಿತ್ತೆಂಬುದಕ್ಕೆ ಕಡಲಾಚೆಯ ಒಂದು ದೃಷ್ಟಾಂತವುಂಟು. ಅಮೆರಿಕೆಯಲ್ಲಿ 1938ರಲ್ಲಿ ‘ಆ್ಯಕ್ಷನ್ ಕಾಮಿಕ್ಸ್’ ಎಂಬ ಪತ್ರಿಕೆಯ ಮೊದಲ ಸಂಚಿಕೆ ಹೊರಬಂದಿತು. ಜೆರ್ರಿ ಸೀಗಲ್ ಹಾಗೂ ಜೋ ಶುಸ್ಟರ್ ಎಂಬ ಇಬ್ಬರು ತರುಣರು ಸೃಷ್ಟಿಸಿದ ಸೂಪರ್‌ಮ್ಯಾನ್ ಮೊಟ್ಟಮೊದಲು ಕಾಣಿಸಿಕೊಂಡದ್ದು ಅದರಲ್ಲಿ. ಅಂದಿನ ಬೆಲೆ 10 ಸೆಂಟು. ಆ ಸಂಚಿಕೆಯ ಒಂದು ಒಳ್ಳೆಯ ಪ್ರತಿ 2024ರಲ್ಲಿ 60 ಲಕ್ಷ ಡಾಲರಿಗೆ, ಎಂದರೆ ಸುಮಾರು 50 ಕೋಟಿ ರೂಪಾಯಿಗೆ ಹರಾಜಾಯಿತು. ಮರುವರ್ಷದ ಸುದ್ದಿ ಇನ್ನೂ ವಿಸ್ಮಯಕರವಾದದ್ದು. ಕ್ಯಾಲಿಫೋರ್ನಿಯದಲ್ಲಿ ತಾಯಿ ತೀರಿಕೊಂಡ ಮೇಲೆ ಮೂವರು ಸಹೋದರರು ಆಕೆಯ ಮನೆಯನ್ನು ತೆರವು ಮಾಡುತ್ತಿದ್ದಾಗ, ಅಟ್ಟದ ಮೇಲೆ, ಮಾಸಿದ ವೃತ್ತಪತ್ರಿಕೆಗಳ ಅಡಿಯಲ್ಲಿ, 1939ರ ‘ಸೂಪರ್‌ಮ್ಯಾನ್’ ಪತ್ರಿಕೆಯ ಮೊದಲ ಸಂಚಿಕೆ ದೊರೆಯಿತು. 2025ರ ನವೆಂಬರಿನಲ್ಲಿ ಅದು 91 ಲಕ್ಷ 20 ಸಾವಿರ ಡಾಲರಿಗೆ ಮಾರಾಟವಾಯಿತು. ಆ ತಾಯಿ ಅದನ್ನು ರದ್ದಿಯವನಿಗೆ ಹಾಕಿರಲಿಲ್ಲ ಎಂಬುದಷ್ಟೇ ಆ ಮಕ್ಕಳ ಪುಣ್ಯ.

ಇಂತಹ ಸುದ್ದಿಯನ್ನು ಓದಿದವರು ಒಡನೆಯೇ ಅಟ್ಟಕ್ಕೆ ಏಣಿ ಹಚ್ಚುವುದು ಸಹಜ. ಆದರೆ ಏಣಿ ಹತ್ತುವ ಮೊದಲು ಆ ಬೆಲೆ ಹುಟ್ಟಿದ ಬಗೆಯನ್ನು ಅರಿಯುವುದು ಲೇಸು. ಹಳೆಯದೆಂದ ಮಾತ್ರಕ್ಕೆ ಯಾವ ವಸ್ತುವೂ ಬೆಲೆ ಬಾಳುವುದಿಲ್ಲ; ಹಾಗಿದ್ದರೆ ಹಳ್ಳದ ಕಲ್ಲುಗಳೆಲ್ಲ ರತ್ನವಾಗಬೇಕಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕೆಯ ಮಕ್ಕಳು ದೇಶಕ್ಕಾಗಿ ಮನೆಮನೆಯಿಂದ ಹಳೆಯ ಕಾಗದವನ್ನು ಸಂಗ್ರಹಿಸಿ ಕೊಟ್ಟರು. ತಮ್ಮ ಚಿತ್ರಕಥೆಗಳನ್ನೂ ಕೊಟ್ಟರು. ಲಕ್ಷಗಟ್ಟಲೆ ಪುಸ್ತಕಗಳು ಹೀಗೆ ಕರಗಿದುದರಿಂದಲೇ ಉಳಿದ ಕೆಲವಕ್ಕೆ ಬೆಲೆ ಬಂದಿತು. ಇದಕ್ಕೆ ಪ್ರತಿಯಾದ ಕಥೆಯೂ ಉಂಟು. 1992ರಲ್ಲಿ ಸೂಪರ್‌ಮ್ಯಾನ್ ಮಡಿಯುವ ಸಂಚಿಕೆ ಪ್ರಕಟವಾದಾಗ, ಮುಂದೆ ಇದು ಬಂಗಾರವಾಗುವುದೆಂದು ನಂಬಿ ಜನರು ಸಾಲುನಿಂತು ಕೊಂಡರು. ಒಬ್ಬೊಬ್ಬರು ಹತ್ತು ಹತ್ತು ಪ್ರತಿಗಳನ್ನು ಕಪ್ಪು ಚೀಲದಿಂದ ಹೊರತೆಗೆಯದೆಯೇ ಕಾದಿಟ್ಟರು. ಎಲ್ಲರೂ ಕಾದಿಟ್ಟದ್ದರಿಂದ ಅದು ಎಲ್ಲರ ಬಳಿಯಲ್ಲಿಯೂ ಉಳಿಯಿತು. ಎಲ್ಲರ ಬಳಿ ಇರುವುದನ್ನು ಯಾರು ಕೊಳ್ಳುತ್ತಾರೆ? ಮಡಿದ ಸೂಪರ್‌ಮ್ಯಾನ್ ಮತ್ತೆ ಬದುಕಿ ಬಂದ. ಆ ಸಂಚಿಕೆಯ ಬೆಲೆ ಮಾತ್ರ ಏಳಲಿಲ್ಲ. ಪ್ರೀತಿಯಿಂದ ಓದಿ, ಅಲಕ್ಷ್ಯದಿಂದ ಕಳೆದ ವಸ್ತುವಿಗೆ ಮುಂದೆ ಬೆಲೆ ಬರುತ್ತದೆ. ಬೆಲೆ ಬರಲೆಂದೇ ಕೂಡಿಟ್ಟ ವಸ್ತುವಿಗೆ ಬರುವುದು ವಿರಳ. ಈ ಹವ್ಯಾಸದ ಅರ್ಧ ಶಾಸ್ತ್ರ ಇಷ್ಟರಲ್ಲಿಯೇ ಅಡಗಿದೆ.

ಇನ್ನು ಕನ್ನಡದ ಮಾತು. ಚಿತ್ರಕಥೆಯೆಂದರೆ ಹೊರಗಿನಿಂದ ಬಂದ ವಸ್ತು, ಕನ್ನಡಕ್ಕೂ ಅದಕ್ಕೂ ದೂರದ ಸಂಬಂಧ ಎಂಬ ಎಣಿಕೆ ಹಲವರಲ್ಲಿದೆ. ವಾಸ್ತವವು ಹಾಗಿಲ್ಲ. ಭಾರತದ ಚಿತ್ರಕಥೆಗಳಲ್ಲಿ ಅತ್ಯಂತ ಪ್ರಸಿದ್ಧವಾದ ‘ಅಮರ ಚಿತ್ರ ಕಥಾ’ ಮಾಲೆಯನ್ನು ಕಟ್ಟಿ ಬೆಳೆಸಿದ ಅನಂತ ಪೈ ಅವರು ಹುಟ್ಟಿದ್ದು 1929ರಲ್ಲಿ, ನಮ್ಮ ಕಾರ್ಕಳದಲ್ಲಿ. ಎಳವೆಯಲ್ಲಿಯೇ ತಂದೆತಾಯಿಯರನ್ನು ಕಳೆದುಕೊಂಡು ಮುಂಬಯಿ ಸೇರಿದ ಅವರು, ದೆಹಲಿಯ ದೂರದರ್ಶನದ ಒಂದು ರಸಪ್ರಶ್ನೆಯಲ್ಲಿ ಗ್ರೀಕ್ ದೇವತೆಗಳ ವಿಷಯವನ್ನು ಬಲ್ಲ ಮಕ್ಕಳು ರಾಮನ ತಾಯಿಯ ಹೆಸರನ್ನು ಹೇಳಲಾರದೆ ಹೋದುದನ್ನು ಕಂಡು, 1967ರಲ್ಲಿ ಈ ಕಾರ್ಯಕ್ಕೆ ಕೈಹಚ್ಚಿದರೆಂಬ ಸಂಗತಿ ಸುವಿದಿತವಾದದ್ದು. ಅಷ್ಟು ಪ್ರಚಾರ ಪಡೆಯದ ಇನ್ನೊಂದು ಸಂಗತಿಯಿದೆ. ಆ ಮಾಲೆಯ ಇಂಗ್ಲಿಷ್ ಪುಸ್ತಕಗಳನ್ನು ಕೂಡಿಸುವವರು, ಅದರ ಪ್ರಥಮ ಪೌರಾಣಿಕ ಪುಸ್ತಕವಾದ ‘ಕೃಷ್ಣ’ದ ಕ್ರಮಾಂಕವು 11 ಆಗಿರುವುದನ್ನು ಕಂಡು ಬೆರಗಾಗುತ್ತಾರೆ. ಹಾಗಾದರೆ ಮೊದಲ ಹತ್ತು ಎಲ್ಲಿ? ಆ ಹತ್ತು ಸಂಖ್ಯೆಗಳು ಸಿಂಡ್ರೆಲಾ, ಅಲ್ಲಾದೀನ, ಪಿನೋಕಿಯೊ ಮುಂತಾದ ಹೊರನಾಡಿನ ಕಥೆಗಳಿಗೆ ಸಂದಿದ್ದವು. ಆ ಮಾಲೆಯು ಮೊದಲಿಗೆ ಹೊರಬಂದದ್ದು 1965ರಲ್ಲಿ, ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ ಎಂದು ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್ ಸಂಸ್ಥೆಯ ವ್ಯವಹಾರ ನೋಡುತ್ತಿದ್ದ ಜಿ. ಕೆ. ಅನಂತರಾಮ್ ಅವರು ಹೇಳಿದ್ದಾರೆ. ಇಪ್ಪತ್ತು ಭಾಷೆಗಳಲ್ಲಿ 10 ಕೋಟಿಗೂ ಮಿಕ್ಕು ಪ್ರತಿಗಳಾಗಿ ಹರಡಿದ ಒಂದು ವೃಕ್ಷದ ಮೊದಲ ಮೊಳಕೆ ಕನ್ನಡದ ಮಣ್ಣಿನಲ್ಲಿ ಒಡೆಯಿತೆಂಬುದು ಸಾಮಾನ್ಯ ಸಂಗತಿಯಲ್ಲ. ಆದರೆ ಆ ಮೊದಲ ಕನ್ನಡ ಪ್ರತಿಗಳನ್ನು ಕಣ್ಣಾರೆ ಕಂಡವರು ಎಷ್ಟು ಮಂದಿ? ಹಿತ್ತಲ ಗಿಡ ಮದ್ದಲ್ಲವೆಂಬ ಮಾತು ಔಷಧಿಗೆ ಮಾತ್ರ ಸಂಬಂಧಿಸಿದ್ದಲ್ಲ.

ಇದಕ್ಕೂ ಒಂದು ವರ್ಷ ಮುಂಚೆ, 1964ರ ಮಾರ್ಚಿಯಲ್ಲಿ, ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯವರು ‘ಇಂದ್ರಜಾಲ ಕಾಮಿಕ್ಸ್’ ಆರಂಭಿಸಿದ್ದರು. ಲೀ ಫಾಕ್ ಸೃಷ್ಟಿಸಿದ ಫ್ಯಾಂಟಮ್ ಅದರ ಮೊದಲ ನಾಯಕ. ಅನಂತರ ಮಾಂತ್ರಿಕ ಮ್ಯಾಂಡ್ರೇಕ್ ಬಂದ. 1976ರಲ್ಲಿ ಆಬಿದ್ ಸುರತಿಯವರ ಲೇಖನಿಯಿಂದ ಬಹಾದ್ದೂರ್ ಎಂಬ ಭಾರತೀಯ ವೀರನೂ ಬಂದ. ಕನ್ನಡವೂ ಸೇರಿದಂತೆ ದೇಶದ ಹಲವು ಭಾಷೆಗಳಲ್ಲಿ ಹೊರಟ ಈ ಮಾಲೆ ಎಂಟುನೂರಕ್ಕೂ ಮಿಕ್ಕಿ ಸಂಚಿಕೆಗಳನ್ನು ಕಂಡು 1990ರಲ್ಲಿ ನಿಂತುಹೋಯಿತು. ಆರಂಭದ ಸಂಚಿಕೆಗಳಿಗೆ ಬಿ. ಗೋವಿಂದ್ ಬರೆದ ಮುಖಚಿತ್ರಗಳನ್ನು ಸಂಗ್ರಾಹಕರು ಇಂದಿಗೂ ಹಂಬಲಿಸುತ್ತಾರೆ. ಈ ಮಾಲೆಯಲ್ಲಿ ಒಂದು ವಿನೋದವೂ ಉಂಟು: 123 ಮತ್ತು 124ನೆಯ ಸಂಚಿಕೆಗಳು ಮುದ್ರಣಾಲಯದ ಮುಷ್ಕರದಿಂದಾಗಿ ಹೊರಬರಲೇ ಇಲ್ಲ. ಹೊಸ ಹವ್ಯಾಸಿಯು ಇಲ್ಲದ ಆ ಎರಡು ಪುಸ್ತಕಗಳಿಗಾಗಿ ಊರೂರು ಅಲೆದು, ಕೊನೆಗೆ ಹಿರಿಯ ಹವ್ಯಾಸಿಯಿಂದ ನಿಜವನ್ನು ತಿಳಿದು ನಕ್ಕು ಸುಮ್ಮನಾಗುತ್ತಾನೆ.

ಚಿತ್ರಕಥೆಗಳ ಪಕ್ಕದಲ್ಲಿಯೇ ನಿಲ್ಲಿಸಬೇಕಾದದ್ದು ‘ಚಂದಮಾಮ’. 1947ರ ಜುಲೈಯಲ್ಲಿ ತೆಲುಗು ತಮಿಳುಗಳಲ್ಲಿ ಹುಟ್ಟಿ 1949ರಲ್ಲಿ ಕನ್ನಡಕ್ಕೆ ಬಂದ ಈ ಮಾಸಪತ್ರಿಕೆ ಕಥೆಯ ಪತ್ರಿಕೆಯೇ ಆದರೂ, ಮಕ್ಕಳು ಅದನ್ನು ಮೊದಲು ನೋಡುತ್ತಿದ್ದುದು ಚಿತ್ರಕ್ಕಾಗಿ. ಅದರ ಮುಖಪುಟದ ಮೇಲೆ ಮಹಾಭಾರತವನ್ನು ಚಿತ್ರಿಸಿದ ಎಂ. ಟಿ. ವಿ. ಆಚಾರ್ಯರು ಕನ್ನಡಿಗರು. ಪತ್ರಿಕೆ ಈಗ ನಿಂತುಹೋಗಿದೆ. ನಿಂತುಹೋದದ್ದರಿಂದಲೇ ಹಳೆಯ ಸಂಚಿಕೆಗಳನ್ನು ಅರಸುವವರು ಹೆಚ್ಚಿದ್ದಾರೆ.

ಘಟಪ್ರಭೆಯ ದಂಡೆಯ ಈ ಸೀಮೆ ಮೊದಲಿನಿಂದಲೂ ಅಕ್ಷರವನ್ನು ಪ್ರೀತಿಸಿದ ಸೀಮೆ. ‘ಜಯಂತಿ’ ಮಾಸಪತ್ರಿಕೆಯನ್ನು ನಡೆಸಿದ ಆನಂದಕಂದರು ಗೋಕಾಕ ತಾಲೂಕಿನ ಬೆಟಗೇರಿಯವರು. ಬಸವರಾಜ ಕಟ್ಟೀಮನಿಯವರು ಹುಟ್ಟಿದ್ದು ಅದೇ ತಾಲೂಕಿನ ಮಲಾಮರಡಿಯಲ್ಲಿ. ಹುಕ್ಕೇರಿ ತಾಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು ಗೋಕಾಕದಲ್ಲಿ ಓದಿ ಜ್ಞಾನಪೀಠದವರೆಗೆ ನಡೆದರು. ಇಂತಹ ಸೀಮೆಯಲ್ಲಿ ಪುಸ್ತಕ ಬಂದ ಮನೆಗಳು ಕಡಿಮೆಯೇನಲ್ಲ. ಗೋಕಾಕ ಫಾಲ್ಸಿನ ನೂಲಿನ ಗಿರಣಿಯಲ್ಲಿ ಪಗಾರದ ದಿನ ಉಂಟಾಗಿತ್ತು, ಮಿರಜ–ಲೋಂಡಾ ರೈಲುಮಾರ್ಗ ಹತ್ತಿರವಿತ್ತು, ಗಡಿಯಾಚೆಯಿಂದ ಮರಾಠಿ ಪುಸ್ತಕವೂ ಸರಾಗವಾಗಿ ಬರುತ್ತಿತ್ತು. ಸಂಕೇಶ್ವರದ ಹಾದಿಯ ಹುಡುಗನಿಗೆ ಫ್ಯಾಂಟಮ್ ಎಷ್ಟು ಪರಿಚಿತನೋ ಮರಾಠಿಯ ‘ವೇತಾಳ’ನೂ ಅಷ್ಟೇ ಪರಿಚಿತ, ಇಬ್ಬರೂ ಒಬ್ಬನೇ ಎಂಬುದನ್ನು ಆತ ತನ್ನಷ್ಟಕ್ಕೆ ತಾನೇ ಕಂಡುಕೊಂಡಿದ್ದ. ಹೀಗೆ ಎರಡು ಭಾಷೆಯ ಚಿತ್ರಕಥೆಗಳು ಒಂದೇ ಟ್ರಂಕಿನಲ್ಲಿ ಸೇರಿಕೊಂಡಿರುವುದು ಈ ಗಡಿಸೀಮೆಯ ಸೊಗಸು.

ಈ ಭಾಗದ ಇನ್ನೊಂದು ರೂಢಿಯನ್ನು ಇಲ್ಲಿ ನೆನೆಯಬೇಕು. ವಾರಪತ್ರಿಕೆಯ ಧಾರಾವಾಹಿಗಳನ್ನು ಹರಿದು ಒಂದುಗೂಡಿಸಿ, ‘ಚಂದಮಾಮ’ದ ಹನ್ನೆರಡು ಸಂಚಿಕೆಗಳನ್ನು ಒಟ್ಟು ಹೊಲಿಸಿ, ರಟ್ಟಿನ ಬೈಂಡು ಹಾಕಿಸಿ, ಬೆನ್ನಿನ ಮೇಲೆ ಮನೆಯ ಹಿರಿಯರ ಹೆಸರನ್ನು ಬರೆಸಿಡುವ ಪದ್ಧತಿ ಅದು. ಇಂದಿನ ಪೇಟೆಯ ಲೆಕ್ಕಾಚಾರದಲ್ಲಿ ಈ ಬೈಂಡು ಒಂದು ದೋಷ. ಬೈಂಡಿನವನು ಅಂಚನ್ನು ಕತ್ತರಿಸಿದ್ದಾನೆ, ದಾರಕ್ಕಾಗಿ ತೂತು ಕೊರೆದಿದ್ದಾನೆ, ಮುಖಪುಟವನ್ನೇ ಕಿತ್ತುಹಾಕಿದ್ದರೂ ಹಾಕಿರಬಹುದು. ಬಿಡಿ ಪ್ರತಿಗೆ ಸಿಗುವ ಬೆಲೆ ಅದಕ್ಕೆ ಸಿಗದು. ಆದರೆ ಬಿಡಿಯಾಗಿದ್ದ ಪ್ರತಿಗಳೆಲ್ಲ ನೆರೆಮನೆಗೆ ಹೋಗಿ, ಶಾಲೆಗೆ ಹೋಗಿ, ಕೊನೆಗೆ ಪೊಟ್ಟಣವಾದವು, ಉಳಿದದ್ದು ಬೈಂಡಾದದ್ದೇ. ಪೇಟೆ ಯಾವುದನ್ನು ಊನವೆನ್ನುತ್ತದೆಯೋ ಅದೇ ಆ ಪುಸ್ತಕದ ಪ್ರಾಣವನ್ನು ಉಳಿಸಿತು. ಬೆಲೆಗೂ ಮೌಲ್ಯಕ್ಕೂ ಇರುವ ಅಂತರ ಇಷ್ಟು ನಿಚ್ಚಳವಾಗಿ ಕಾಣಿಸುವ ಎಡೆ ಬೇರೊಂದಿಲ್ಲ.

ಉಳಿದದ್ದಕ್ಕೂ ಗಂಡಾಂತರ ತಪ್ಪಿದ್ದಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಪೇಟೆಯೊಳಗೇ ನುಗ್ಗಿದಾಗ, ಗೋಕಾಕ ಮೂಡಲಗಿ ತಾಲೂಕುಗಳ ನದೀತೀರದ ಹಳ್ಳಿಗಳಲ್ಲಿ ಜನರು ಮಕ್ಕಳನ್ನೂ ದನಕರುಗಳನ್ನೂ ಪಾರುಮಾಡುವುದೇ ಕಷ್ಟವಾಗಿತ್ತು. ಅಂಥ ಹೊತ್ತಿನಲ್ಲಿ ಪುಸ್ತಕದ ಟ್ರಂಕನ್ನು ಯಾರು ಎತ್ತಬೇಕು? ನೀರಿಳಿದ ಮೇಲೆ ಅಂಗಳಕ್ಕೆ ಬಂದ ಕೆಸರಿನ ರಾಶಿಯಲ್ಲಿ ಕಾಗದವೂ ಇತ್ತು. ಅದರಲ್ಲಿ ಏನು ಹೋಯಿತೆಂಬುದರ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಕಾಳಿನ ನಷ್ಟಕ್ಕೆ, ಗೋಡೆಯ ನಷ್ಟಕ್ಕೆ ಪರಿಹಾರದ ಅರ್ಜಿಯುಂಟು. ಇದಕ್ಕೆ ಅರ್ಜಿಯ ನಮೂನೆಯೇ ಇಲ್ಲ.

ಹಾಗಾದರೆ ಕೈಯಲ್ಲಿ ಉಳಿದಿರುವ ಪುಸ್ತಕದ ಬೆಲೆಯನ್ನು ಅಳೆಯುವ ಬಗೆ ಹೇಗೆ? ಅಮೆರಿಕೆಯಲ್ಲಿ 1970ರಿಂದ ಓವರ್‌ಸ್ಟ್ರೀಟ್ ಎಂಬಾತನ ಬೆಲೆಪಟ್ಟಿ ಪ್ರಕಟವಾಗುತ್ತಿದೆ. 2000ದಿಂದ ಪುಸ್ತಕದ ಸ್ಥಿತಿಯನ್ನು ಪರೀಕ್ಷಿಸಿ ಹತ್ತಕ್ಕೆ ಇಂತಿಷ್ಟೆಂದು ಅಂಕ ಕೊಡುವ ಸಂಸ್ಥೆಯೂ ಇದೆ. ಕನ್ನಡಕ್ಕೆ ಅಂತಹ ಸರ್ವಮಾನ್ಯ ಪಟ್ಟಿಯಿಲ್ಲ. ಕೊಳ್ಳುವವನ ಆಸೆ, ಮಾರುವವನ ಅವಸರ ಇವೆರಡರ ನಡುವೆ ಎಲ್ಲಿ ಒಪ್ಪಂದವಾಗುತ್ತದೆಯೋ ಅದೇ ಬೆಲೆ. ಆದರೂ ನೋಡಬೇಕಾದ ನಾಲ್ಕು ಅಂಶಗಳು ಎಲ್ಲೆಡೆಯೂ ಒಂದೇ.

ಮೊದಲನೆಯದು ಮುದ್ರಣ. ‘ಅಮರ ಚಿತ್ರ ಕಥಾ’ದ ಜನಪ್ರಿಯ ಪುಸ್ತಕಗಳು ಮತ್ತೆ ಮತ್ತೆ ಅಚ್ಚಾಗಿವೆ, ‘ಕೃಷ್ಣ’ವಿದೆ ಎಂದು ಹಿಗ್ಗಿದರೆ ಸಾಲದು, ಯಾವ ಸಲದ್ದು ಎಂದು ನೋಡಬೇಕು. ಮುಖಪುಟದ ಮೇಲಿನ ಬೆಲೆ ಎಷ್ಟು ಕಡಿಮೆಯೋ ಪ್ರತಿ ಅಷ್ಟು ಹಳೆಯದು. ಪುಸ್ತಕದಲ್ಲಿ ಮಾಲೆಯ ಇತರ ಶೀರ್ಷಿಕೆಗಳ ಪಟ್ಟಿಯಿದ್ದರೆ ಅದರ ಕೊನೆಯ ಸಂಖ್ಯೆಯೇ ಅಚ್ಚಾದ ಕಾಲವನ್ನು ಪಿಸುಗುಡುತ್ತದೆ. ಪ್ರಕಾಶಕರ ಹೆಸರು ಇಂಡಿಯಾ ಬುಕ್ ಹೌಸ್ ಎಂದಿದ್ದರೆ ಹಳೆಯದು. ಎಸಿಕೆ ಮೀಡಿಯಾ ಎಂದಿದ್ದರೆ 2007ರ ಈಚಿನದು. ಮುಂದಿನ ಮುದ್ರಣಗಳಲ್ಲಿ ಕ್ರಮಾಂಕವೇ ಬದಲಾದದ್ದೂ ಉಂಟು. ಎರಡನೆಯದು ಭಾಷೆ. ಇಂಗ್ಲಿಷ್ ಪ್ರತಿಗಳು ಹೆಚ್ಚು ಅಚ್ಚಾದವು, ಕೊಳ್ಳುವವರೂ ಹೆಚ್ಚು. ಕನ್ನಡದ ಪ್ರತಿ ಅದಕ್ಕಿಂತ ಅಪರೂಪ, ಆದರೆ ಕೊಳ್ಳುವವರು ವಿರಳ. ಮೂರನೆಯದು ಸ್ಥಿತಿ: ಮುಖಪುಟ ಇದೆಯೇ, ಪುಟಗಳು ಪೂರ್ಣವೇ, ಪಿನ್ನು ತುಕ್ಕು ಹಿಡಿದಿದೆಯೇ, ಬಾಲಕನು ರಾವಣನಿಗೆ ಪೆನ್ಸಿಲಿನಿಂದ ಕನ್ನಡಕ ತೊಡಿಸಿದ್ದಾನೆಯೇ ಎಂಬಿತ್ಯಾದಿ. ನಾಲ್ಕನೆಯದು ಜನರ ಮನಸ್ಸು. ಬಾಲ್ಯದಲ್ಲಿ ಆ ಪುಸ್ತಕವನ್ನು ಓದಿದ ತಲೆಮಾರು ನಡುವಯಸ್ಸಿಗೆ ಬಂದು ಕೈಯಲ್ಲಿ ನಾಲ್ಕು ಕಾಸು ಕಂಡಾಗ ಬೆಲೆ ಏರುತ್ತದೆ. ಆ ತಲೆಮಾರು ದಾಟಿಹೋದಾಗ ಇಳಿಯಲೂಬಹುದು. ಆದ್ದರಿಂದ ಮಗಳ ಮದುವೆಯ ಖರ್ಚನ್ನು ಚಿತ್ರಕಥೆಯ ಟ್ರಂಕಿನ ಮೇಲೆ ಹೊರಿಸುವುದು ವಿವೇಕವಲ್ಲ.

ಕಾಪಾಡುವ ರೀತಿಯೂ ಕಷ್ಟದ್ದಲ್ಲ. ಮರದ ತಿರುಳನ್ನು ಅರೆದು ಮಾಡಿದ ಅಗ್ಗದ ಕಾಗದದ ಒಡಲಲ್ಲಿಯೇ ಆಮ್ಲ ಹುಟ್ಟುತ್ತದೆ; ಬೆಳಕು ಬಿದ್ದಷ್ಟೂ ಹಳದಿಯಾಗಿ, ಕೊನೆಗೆ ಹಪ್ಪಳದಂತೆ ಮುರಿಯುತ್ತದೆ. ಆದುದರಿಂದ ಬಿಸಿಲು ತಾಗದ, ನೆಲದಿಂದ ಎತ್ತರವಾದ, ಗಾಳಿಯಾಡುವ ಎಡೆ ಬೇಕು. ನದಿಯ ಬದಿಯ ಊರುಗಳಲ್ಲಿ ‘ಎತ್ತರ’ ಎಂಬ ಮಾತಿಗೆ ಒತ್ತು ಹೆಚ್ಚು. ತಗಡಿನ ಛಾವಣಿಯ ಕೆಳಗಿನ ಅಟ್ಟ ಬೇಸಿಗೆಯಲ್ಲಿ ಒಲೆಯಾಗುವುದರಿಂದ ಅದೂ ತಕ್ಕದ್ದಲ್ಲ. ಬೇವಿನ ಒಣ ಎಲೆಯನ್ನು ತೆಳುಬಟ್ಟೆಯಲ್ಲಿ ಕಟ್ಟಿ ಇಡುವ ಹಿರಿಯರ ರೂಢಿಯನ್ನು ಮುಂದುವರಿಸಬಹುದು. ಹರಿದ ಪುಟಕ್ಕೆ ಅಂಟಿನ ಟೇಪು ಹಚ್ಚುವುದು ಮಾತ್ರ ಗಾಯಕ್ಕೆ ಸುಣ್ಣ ಬಳಿದಂತೆ. ಕೆಲವೇ ವರ್ಷಗಳಲ್ಲಿ ಟೇಪು ಉದುರಿ ಕಂದು ಕಲೆ ಶಾಶ್ವತವಾಗುತ್ತದೆ. ತುಕ್ಕು ಹಿಡಿದ ಪಿನ್ನನ್ನು ಮೆಲ್ಲನೆ ಬಿಡಿಸಿ ಬಿಳಿಯ ನೂಲಿನಿಂದ ಹೊಲಿದರೆ ಪುಟ ಉಳಿಯುತ್ತದೆ. ಲ್ಯಾಮಿನೇಶನ್ ಎಂದೂ ಸಲ್ಲದು.

ಇಷ್ಟೆಲ್ಲ ಶ್ರಮ ಯಾತಕ್ಕೆ? ಗೋಕಾಕದ ಕುಶಲಿಗಳು ಹಗುರ ಮರದಲ್ಲಿ ಕೆತ್ತಿ ಬಣ್ಣ ಹಚ್ಚುವ ಗೊಂಬೆಗಳನ್ನು, ಹಣ್ಣುಗಳನ್ನು ಇಂದು ಗಾಜಿನ ಕಪಾಟಿನಲ್ಲಿ ಇಡುತ್ತಾರೆ. ಒಂದು ಕಾಲಕ್ಕೆ ಅವು ಮಕ್ಕಳ ಕೈಯಲ್ಲಿ ಆಡಿದ ವಸ್ತುಗಳೇ. ಮಕ್ಕಳ ವಸ್ತು ದೊಡ್ಡವರ ಕಣ್ಣಿಗೆ ಕಲೆಯಾಗಿ ಕಾಣುವುದಕ್ಕೆ ಕಾಲ ಹಿಡಿಯುತ್ತದೆ. ಮರಕ್ಕೆ ಆ ಕಾಲವನ್ನು ಕಾಯುವ ಆಯುಷ್ಯವಿದೆ, ಕಾಗದಕ್ಕಿಲ್ಲ. ಕನ್ನಡದ ಹಳೆಯ ಚಿತ್ರಕಥೆಗಳ ದುರ್ದೈವ ಇಲ್ಲಿಯೇ ಇದೆ. ಬೆಲೆಯಿಲ್ಲವೆಂದು ಯಾರೂ ಉಳಿಸುವುದಿಲ್ಲ. ಉಳಿದದ್ದು ಎಷ್ಟೆಂದು ಯಾರಿಗೂ ತಿಳಿಯದುದರಿಂದ ಬೆಲೆಯೂ ಹುಟ್ಟುವುದಿಲ್ಲ. ಬೆಲೆ ಹುಟ್ಟುವ ದಿನ ಬಂದಾಗ ವಸ್ತುವೇ ಇರಲಾರದು.

ಬೆಲೆಯೊಂದೇ ಗುರಿಯಾದರೂ ಹಾನಿ ಬೇರೊಂದು ದಾರಿಯಿಂದ ಬರುತ್ತದೆ. ಅಂಕ ಕೊಡಿಸಿದ ಪುಸ್ತಕವನ್ನು ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುದ್ರೆಯೊತ್ತಿ ಕೊಡುತ್ತಾರೆ. ಒಡೆದರೆ ಅಂಕ ಹೋಯಿತು, ಒಡೆಯದಿದ್ದರೆ ಓದುವಂತಿಲ್ಲ. ಕೋಟಿ ಕೊಟ್ಟು ಕೊಂಡವನು ಆ ಕಥೆಯನ್ನು ಓದಲಾರ. 10 ಸೆಂಟು ಕೊಟ್ಟ ಹುಡುಗ ಅದನ್ನು ಮರದ ನೆರಳಿನಲ್ಲಿ ಹತ್ತು ಸಲ ಓದಿದ್ದ. ಇಬ್ಬರಲ್ಲಿ ಶ್ರೀಮಂತನಾರೆಂಬುದನ್ನು ವಾಚಕರೇ ನಿರ್ಣಯಿಸಬಹುದು.

ಮಾಡಬೇಕಾದ ಕೆಲಸ ಚಿಕ್ಕದು. ಟ್ರಂಕನ್ನು ರದ್ದಿಗೆ ಹಾಕುವ ಮುನ್ನ ಒಂದು ಮಧ್ಯಾಹ್ನ ಅದರ ಮುಂದೆ ಕುಳಿತು, ಹೆಸರು, ಕ್ರಮಾಂಕ, ಭಾಷೆ, ಮುದ್ರಿತ ಬೆಲೆ, ಪ್ರಕಾಶಕರು, ಸ್ಥಿತಿ ಇಷ್ಟನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡುವುದು. ಮೊಬೈಲಿನಿಂದ ಮುಖಪುಟದ ಚಿತ್ರವೊಂದನ್ನು ತೆಗೆಯುವುದು. ಮೂರು ತಾಲೂಕುಗಳ ಶಾಲೆ ಕಾಲೇಜುಗಳ ವಿದ್ಯಾರ್ಥಿಗಳು ಒಂದು ಬೇಸಿಗೆಯ ರಜೆಯಲ್ಲಿ ತಮ್ಮ ತಮ್ಮ ಮನೆಗಳ ಪಟ್ಟಿಯನ್ನು ಮಾಡಿದರೂ ಸಾಕು. ಯಾವ ಪುಸ್ತಕ ಎಲ್ಲಿದೆ, ಯಾವುದು ಎಲ್ಲಿಯೂ ಇಲ್ಲ ಎಂಬ ತಿಳಿವಳಿಕೆ ಮೊದಲ ಸಲ ದೊರೆಯುತ್ತದೆ. ಹನಿ ಹನಿ ಕೂಡಿದರೆ ಹಳ್ಳ. ಆ ಪಟ್ಟಿಯಲ್ಲಿ 1965ರ ಆ ಹತ್ತರಲ್ಲಿ ಒಂದು ಕನ್ನಡ ಪ್ರತಿಯಾದರೂ, ಅಂಚು ಕತ್ತರಿಸಿದ ಬೈಂಡಿನೊಳಗಾದರೂ ಸರಿ, ಕಾಣಿಸಿಕೊಂಡರೆ, ಅದರ ಬೆಲೆಯನ್ನು ಪೇಟೆ ಎಷ್ಟೆಂದಾದರೂ ಹೇಳಲಿ. ಕನ್ನಡಕ್ಕೆ ತನ್ನ ಮನೆಯ ಒಂದು ಉತಾರ ಸಿಕ್ಕಂತಾಗುತ್ತದೆ.

ತಳ್ಳುಗಾಡಿ ನಾಳೆಯೂ ಬರುತ್ತದೆ. ರದ್ದಿಯವನಿಗೆ ಕೊಡಲು ಬೇಕಾದಷ್ಟು ವೃತ್ತಪತ್ರಿಕೆಗಳಿವೆ. ಟ್ರಂಕು ಒಂದು ದಿನ ಕಾಯಲಿ.